ಕರಿದಾರ ಕತ್ತರಿಸಿದ್ದು ನಾನೇ

2023ರ ಫೆಬ್ರವರಿ 11, ಶನಿವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಆ ಹೊತ್ತಿಗೆ ಕಳವಾ ಸ್ಟೇಷನ್ನಿನ ಹತ್ತಿರದ ಒಂದು ಗಲ್ಲಿಯಲ್ಲಿ ನಾನು ಬೇರೆಯವರ ಬೆಕ್ಕನ್ನು ಕದ್ದೆ. ರಕ್ಷಿಸಿದೆ ಎಂದು ಇಲ್ಲಿಯವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ರಕ್ಷಿಸಿದ್ದಲ್ಲ, ಕದ್ದದ್ದು. ಆಮೇಲೆ ಅದನ್ನು ಹುಡುಕಿಕೊಂಡು ಬಂದವಳನ್ನು ಬಾಗಿಲಿನಿಂದಲೇ ಓಡಿಸಿದೆ — ಎರಡು ಸಲ.

ಮುಂಬಯಿ ಪಕ್ಕದ ಠಾಣೆ ನಗರದ ಕೋಪರಿಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ ಇರುವುದು. ಬೀದಿಯಲ್ಲಿ ಗಾಯಗೊಂಡ, ತಾಯಿ ಇಲ್ಲದ ಬೆಕ್ಕುಗಳನ್ನು ತಂದು, ಗುಣಪಡಿಸಿ, ಸಾಕುವವರು ಸಿಗುವ ತನಕ ಮನೆಯಲ್ಲಿಟ್ಟುಕೊಳ್ಳುತ್ತೇನೆ. ಹೊಟ್ಟೆಪಾಡಿನ ಕೆಲಸ ಬೇರೆ ಇದೆ. ಹೆಮ್ಮೆಪಟ್ಟುಕೊಳ್ಳುತ್ತಿದ್ದದ್ದು ಇದರ ಬಗ್ಗೆ. ಯಾವ ಬೆಕ್ಕು ಯಾವತ್ತು ಬಂತು, ಯಾವತ್ತು ಹೋಯಿತು, ತೂಕ ಎಷ್ಟು ಏರಿತು — ಎಲ್ಲ ಬರೆದಿಡುವ ಅಭ್ಯಾಸ ನನ್ನದು. ಆವತ್ತಿಗೆ ಹದಿನೇಳು ಬೆಕ್ಕುಗಳಿಗೆ ಮನೆ ಹುಡುಕಿಕೊಟ್ಟಿದ್ದೆ.

ಆ ಶನಿವಾರ ಹೋದದ್ದು ಕಾಲು ಮುರಿದ ಗಂಡು ಬೆಕ್ಕೊಂದನ್ನು ಹಿಡಿಯಲು. ಅದು ಸಿಗಲಿಲ್ಲ. ಖಾಲಿ ಬುಟ್ಟಿ ಹೊತ್ತು ಮರಳಲು ಮನಸ್ಸಿರಲಿಲ್ಲ. ಒಂದು ಕೋಣೆಯ ಹೊಸ್ತಿಲ ಮೇಲೆ ಕಂದು ಬಣ್ಣದ ಹೆಣ್ಣು ಬೆಕ್ಕು ಮೈ ನೆಕ್ಕಿಕೊಳ್ಳುತ್ತ ಕುಳಿತಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಮೀನಿನ ತುಂಡು ತೋರಿಸಿದೆ, ತಾನಾಗಿಯೇ ಬಂತು. ಬೀದಿ ಬೆಕ್ಕು ಹಾಗೆ ಬರುವುದಿಲ್ಲ. ಅಷ್ಟು ನನಗೆ ಗೊತ್ತಿತ್ತು. ಅದರ ಕೊರಳಲ್ಲಿ ಕರಿದಾರವಿತ್ತು, ದಾರದಲ್ಲಿ ಸಣ್ಣದೊಂದು ಕವಡೆ.

ಕೊರಳಿಗೆ ಕಟ್ಟಿದ್ದು ಏನಿದ್ದರೂ ಮೊದಲು ಕತ್ತರಿಸಬೇಕು, ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ — ಇದು ಬೆಕ್ಕು ರಕ್ಷಿಸುವವರ ನಮ್ಮ ಗುಂಪಿನ ನಿಯಮ. ಮನೆಗೆ ಬಂದವಳೇ ಕತ್ತರಿಸಿದೆ. ಆದರೆ ನಾನು ಉಡುಪಿ ಕಡೆಯ ಮನೆಯವಳು. ಕರಿದಾರ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಬೆಕ್ಕಿಗೆ ದೃಷ್ಟಿಯಾದೀತೆಂದು ಹೆದರಿದವರು ಯಾರೋ ಇದ್ದರು. ತಿಳಿದೂ ತಿಳಿದೂ ದಾರವನ್ನು ಕಸದ ಡಬ್ಬಿಗೆ ಹಾಕಿ, ಗುಂಪಿಗೆ ಬರೆದೆ: “ಸಾಕಿದವರ ಯಾವ ಗುರುತೂ ಇಲ್ಲ.” ಬಿಸ್ಕಿಟ್ ಎಂದು ಹೆಸರಿಟ್ಟೆ.

ಯಾಕೆ ಎಂದು ಕೇಳಿದರೆ — ಆ ಗಲ್ಲಿಯ ಗಟಾರ, ಆ ಕೋಣೆಯ ತಗಡು, ಆ ತೆರೆದ ಬಾಗಿಲು. ಬೆಕ್ಕು ಇರತಕ್ಕ ಜಾಗ ಇದಲ್ಲ ಎಂದು ನಿಂತ ಕಾಲಲ್ಲಿ ತೀರ್ಮಾನಿಸಿದ್ದೆ. ಒಳಗಿದ್ದವರ ಮುಖವನ್ನೂ ನೋಡದೆ.

ಬುಧವಾರ ಬೆಳಿಗ್ಗೆ ಆ ಮುಖವೇ ನಮ್ಮ ಬಾಗಿಲಿಗೆ ಬಂತು. ಹೆಸರು ಮಹಾದೇವಿ, ವಿಜಯಪುರದ ಕಡೆಯವಳು. ಗಂಡ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಗೋದಾಮಿನಲ್ಲಿ ಹಮಾಲಿ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ನಾನು ಕೋಪರಿಯವಳೆಂದು ಆ ಗಲ್ಲಿಯ ತರಕಾರಿಯವನಿಗೆ ಗೊತ್ತಿತ್ತು; ಬೆಕ್ಕಿನ ಹುಡುಗಿ ಎಂದರೆ ಕೋಪರಿಯಲ್ಲಿ ಯಾರಾದರೂ ಮನೆ ತೋರಿಸುತ್ತಾರೆ. ಕನ್ನಡದವರ ಮನೆ ಎಂದು ವಾಚ್‌ಮನ್ ಹೇಳಿದ್ದರಿಂದ ಅವಳಿಗೆ ಧೈರ್ಯ ಬಂದಿತ್ತು.

“ಅಕ್ಕಾರ, ನಮ್ಮ ಕೆಂಚಿ ನಿಮ್ಮ ಕಡೆ ಐತೇನ್ರಿ? ನೀವು ಬುಟ್ಟಿ ಹಿಡ್ಕೊಂಡ ಹೋಗೂದನ್ನ ಭಾಜಿ ಮಾರಾಂವ ನೋಡ್ಯಾನ.”

ಏನೂ ಅರ್ಥವಾಗದವಳಂತೆ ನಾನು ಹಿಂದಿಯಲ್ಲಿ ಹೇಳಿದೆ: “ಕ್ಯಾ ಬೋಲ್ ರಹೀ ಹೋ? ಸಮಝ್ ನಹೀಂ ಆ ರಹಾ.”

ಒಂದೊಂದು ಮಾತೂ ಅರ್ಥವಾಗಿತ್ತು. ಹೊಸದಾಗಿ ಬಂದ ಬೆಕ್ಕನ್ನು ಉಳಿದವುಗಳಿಗೆ ರೋಗ ಅಂಟದಂತೆ ಎರಡು ವಾರ ಬಚ್ಚಲಲ್ಲೇ ಇಡುತ್ತೇವೆ. ಅಲ್ಲಿದ್ದ ಕೆಂಚಿ ಅವಳ ದನಿ ಕೇಳಿ ಕೂಗತೊಡಗಿತು. ನಾನು ಒಳಗೆ ಹೋಗಿ ಬಕೆಟ್ಟಿಗೆ ನಲ್ಲಿ ಬಿಟ್ಟು ಬಂದೆ — ನೀರಿನ ಸದ್ದಿನಲ್ಲಿ ಕೂಗು ಕೇಳಿಸದಿರಲಿ ಎಂದು.

“ಒಳಗ ಟೀವಿ ಕನ್ನಡ ಮಾತಾಡಾಕತ್ತೈತಿ,” ಎಂದಳು ಅವಳು. “ನಿಮಗಷ್ಟ ಬರಂಗಿಲ್ಲೇನ್ರಿ?”

“ಮಮ್ಮಿ ಕೋ ಆತಾ ಹೈ. ಮುಝೆ ನಹೀಂ.”

ಆಗ ಅವಳೇ ತನಗೆ ಬಂದಷ್ಟು ಹಿಂದಿ ಕೂಡಿಸಿಕೊಂಡು, ಮನೆ ತುಂಬ ಇಲಿ, ಸಣ್ಣ ಕೂಸಿದೆ, ನಮ್ಮ ಬೆಕ್ಕು ಬೇಕು ಎಂದಳು: “ಘರ್ ಮೇ ಚೂಹಾ ಬಹುತ್ ಹೈ. ಛೋಟಾ ಬಚ್ಚಾ ಹೈ. ಹಮಾರಾ ಬಿಲ್ಲಿ ಹೋನಾ.”

ಇಲಿ ಹಿಡಿಯಲು ಬೆಕ್ಕು ಕೇಳುವವರಿಗೆ ಕೊಡಬಾರದು — ಇದೂ ನಮ್ಮ ನಿಯಮವೇ. ಅಂಥವರು ಬೆಕ್ಕನ್ನು ಪ್ರೀತಿಸುವುದಿಲ್ಲ ಎಂದು ನಮ್ಮ ನಂಬಿಕೆ. ಆ ನಿಯಮ ನನ್ನ ಕೈಗೆ ಎಷ್ಟು ಹಿತವಾಗಿ ಸಿಕ್ಕಿತೆಂದರೆ... ಇಲ್ಲಿ ಯಾವ ಬೆಕ್ಕೂ ಇಲ್ಲವೆಂದು ಹೇಳಿ ಬಾಗಿಲು ಹಾಕಿದೆ.

ಅಮ್ಮ ಅಡುಗೆಮನೆಯಿಂದ ಬಂದಳು. “ನಿನಗೆ ಕನ್ನಡ ಬರುವುದಿಲ್ಲ ಅಂತ ನನಗೆ ಇವತ್ತೇ ಗೊತ್ತಾದದ್ದು ಮಾರಾಯ್ತಿ. ಕೊಟ್ಟುಬಿಡು ಆ ಹೆಂಗಸಿನ ಬೆಕ್ಕನ್ನು.”

“ನೀನು ಸುಮ್ಮನಿರು,” ಎಂದೆ. ಅಮ್ಮ ಟೀವಿಯ ದನಿ ಏರಿಸಿದಳು.

ಎರಡು ವಾರ ಕಾಯಬೇಕಿತ್ತು, ಕಾಯಲಿಲ್ಲ. ಆ ಶನಿವಾರವೇ, ಅಂದರೆ 18ಕ್ಕೆ, ನವಿ ಮುಂಬಯಿಯ ಐರೋಲಿಯಲ್ಲಿದ್ದ ಗಂಡ ಹೆಂಡತಿಗೆ ಕೊಟ್ಟುಬಿಟ್ಟೆ. ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿದ್ದರು, ಒಳ್ಳೆಯ ಜನ. ಅವರಿಗೆ ಏನೂ ಗೊತ್ತಿರಲಿಲ್ಲ. ಹದಿನೆಂಟನೆಯದು ಎಂದು ಬರೆದುಕೊಂಡೆ.

ಮಾರ್ಚ್ 5, ಭಾನುವಾರ, ಮಹಾದೇವಿ ಮತ್ತೆ ಬಂದಳು. ಸೊಂಟದ ಮೇಲೆ ಕೂಸು. ಕೂಸಿನ ಎಡಗಾಲಿಗೆ ಬಟ್ಟೆ ಸುತ್ತಿತ್ತು. ಮಾತಿಗೆ ಮೊದಲು ಬಟ್ಟೆ ಬಿಚ್ಚಿದಳು. ಕಿರುಬೆರಳ ತುದಿ —

“ಇಲಿ ಕಡದೈತಿ. ಮಲಗಿದ್ದಾಗ. ಕೆಂಚಿ ಇದ್ದಾಗ ಒಂದ ಇಲಿ ಒಳಗ ಬಂದಿದ್ದಿಲ್ಲ.”

ನಾನು ಏನು ಮಾಡಬೇಕಿತ್ತು ಎಂಬುದು ಓದುವ ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಐರೋಲಿಗೆ ಒಂದು ಫೋನು. ಅದರ ಬದಲು, ಮತ್ತೆ ಬಂದರೆ ಪೊಲೀಸರನ್ನು ಕರೆಯುತ್ತೇನೆಂದು ಹಿಂದಿಯಲ್ಲೇ ಹೆದರಿಸಿದೆ: “ಫಿರ್ ಆಯೀ ತೋ ಪೊಲೀಸ್ ಕೋ ಬುಲಾವೂಂಗಿ.”

ಅಲ್ಲಿಯವರೆಗೆ ‘ರೀ’ ಹಚ್ಚಿ ಮಾತಾಡಿದವಳು ಏಕವಚನಕ್ಕೆ ಇಳಿದಳು. “ಕರಿ. ಅವರ ಮುಂದರ ಕನ್ನಡ ಮಾತಾಡ್ತೀಯೇನ್ ನೋಡ್ತೀನಿ. ನಿನಗ ಯಾವ ಬೆಕ್ಕೂ ಒಲೀಬಾರ್ದು.”

ಅವಳನ್ನು ಇನ್ನು ಮೇಲೆ ಬಿಡಬೇಡವೆಂದು ವಾಚ್‌ಮನ್‌ಗೆ ಹೇಳಿದೆ. ಅವನು ಬಿಡಲಿಲ್ಲ.

ಮೂರನೆಯ ಸಲ ಗೇಟಿನಲ್ಲೇ ಜಗಳವಾಯಿತಂತೆ. ಕೇಳಿ ನನಗೆ ನಾಚಿಕೆಯಾಗಲಿಲ್ಲ. ಸಿಟ್ಟು ಬಂತು.

ಕಳೆದ ತಿಂಗಳು ಡೊಂಬಿವಲಿಯಲ್ಲಿ, ಬೆಕ್ಕುಗಳನ್ನು ಮನೆಯಲ್ಲಿಟ್ಟುಕೊಳ್ಳಲು ಮುಂದೆ ಬಂದ ಹೊಸಬರಿಗೆ ಬಿಸ್ಕಿಟ್‌ನ ಕತೆ ಹೇಳುತ್ತಿದ್ದೆ. ಗಟಾರದಿಂದ ಸೋಫಾದವರೆಗೆ ಎಂದು ಹೇಳಿ ಎಲ್ಲರನ್ನೂ ನಗಿಸುವುದು ನನ್ನ ರೂಢಿ. ಮೊದಲ ದಿನದ ಫೋಟೊ ತೋರಿಸಿದೆ — ದಾರ ಕತ್ತರಿಸುವ ಮೊದಲು ತೆಗೆದದ್ದೆಂಬುದು ಮರೆತೇಹೋಗಿತ್ತು. ಒಬ್ಬ ಹುಡುಗಿ ಕೇಳಿದಳು, ಆ ದಾರ ಯಾರು ಕಟ್ಟಿದ್ದು? ಗೊತ್ತಿಲ್ಲ ಎಂದೆ. ಕತೆ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಎಂಥ ಅಸಹ್ಯ ಹುಟ್ಟಿತೆಂದರೆ — ಅವರ ಮೇಲಲ್ಲ, ನನ್ನ ಮೇಲೆಯೇ.

ಮರುದಿನ ಐರೋಲಿಯ ನಂಬರಿಗೆ ಫೋನ್ ಮಾಡಿದೆ. ಆ ನಂಬರ್ ಈಗ ಇಲ್ಲ. ಹೋಗಿ ನೋಡಿದರೆ ಮನೆಯಲ್ಲಿ ಬೇರೆಯವರಿದ್ದಾರೆ. ಹಿಂದಿನವರು ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿದರು, ಬೆಕ್ಕಿನ ಬುಟ್ಟಿ ಜೊತೆಗಿತ್ತು. ಪಕ್ಕದ ಮನೆಯವರಿಗೆ ಇಷ್ಟೇ ಗೊತ್ತು.

ಆಮೇಲೆ ಕಳವಾಕ್ಕೆ ಹೋದೆ. ಮಹಾದೇವಿ ಅದೇ ಕೋಣೆಯಲ್ಲಿದ್ದಾಳೆ. ಕೂಸು ಈಗ ಓಡಾಡುತ್ತದೆ. ಆ ಬೆರಳಿಗೆ ಉಗುರು ಬಂದಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಕೂರೆನ್ನಲಿಲ್ಲ, ನೀರು ಕೊಡಲಿಲ್ಲ.

“ಕನ್ನಡ ಚೊಲೋ ಬರ್ತೈತಿ ನಿನಗ,” ಎಂದಳು. ಆಮೇಲೆ, “ತಪ್ಪಾತು ಅನ್ನಾಕ ಬಂದಿ. ಅದನ್ನ ತಗೊಂಡ ನಾ ಏನ್ ಮಾಡ್ಲಿ? ಕೆಂಚಿನ್ನ ತಂದ ಕೊಡು.”

ಅವಳ ಮೇಲೆ ನನಗೆ ಪ್ರೀತಿ ಹುಟ್ಟಿಲ್ಲ. ಗಲ್ಲಿ ದಾಟುವಾಗಲೂ ಅವಳ ದನಿಗೆ ಮೈ ಉರಿಯುತ್ತಿತ್ತು. ಅವಳಿಗೂ ನಾನೆಂದರೆ ಆಗದು, ಆಗಬೇಕಾಗಿಯೂ ಇಲ್ಲ. ಬೆಕ್ಕು ಅವಳದ್ದು, ಅಷ್ಟೇ. ಇದನ್ನು ಓದಿ ಯಾರೂ ನನ್ನ ಪ್ರಾಮಾಣಿಕತೆಯನ್ನು ಹೊಗಳಬೇಡಿ.

ಕಂದು ಬಣ್ಣದ ಹೆಣ್ಣು ಬೆಕ್ಕು, ಬಲ ಮುಂಗಾಲು ಬಿಳಿ, ಬಾಲದ ತುದಿ ಬಾಗಿದೆ. ಬಿಸ್ಕಿಟ್ ಎಂದರೆ ತಿರುಗಿ ನೋಡದಿರಬಹುದು. ಕೆಂಚಿ ಎಂದು ಕರೆದು ನೋಡಿ. ಐರೋಲಿಯಿಂದ ಅದನ್ನು ಒಯ್ದವರದ್ದು ಏನೂ ತಪ್ಪಿಲ್ಲ. ಅವರು ಎಲ್ಲಿದ್ದಾರೆಂದು ತಿಳಿದವರು ದಯವಿಟ್ಟು ಬರೆಯಿರಿ. ಬೆಕ್ಕು ಸತ್ತುಹೋಗಿದ್ದರೆ ಅದನ್ನೂ ಬರೆಯಿರಿ — ಆ ಸುದ್ದಿಯನ್ನೂ ಮಹಾದೇವಿಗೆ ನಾನೇ ಹೋಗಿ ಹೇಳಬೇಕು.