ಮುಂದಿನ ವಾಕ್ಯವನ್ನೂ ಓದುವ ದೀನಮ್ಮ

ಆಗಷ್ಟೇ ಬೆಳಕು ಹರಿಯುತ್ತಿದೆ. ಗೋದಾವರಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಕೊಮ್ಮುಲಂಕದ ಓಣಿಯಲ್ಲಿ ದೀನಮ್ಮ ಸೊಂಟದ ಮೇಲೊಂದು ಬಿದಿರು ಬುಟ್ಟಿ ಇಟ್ಟುಕೊಂಡು ಮನೆಯಿಂದ ಮನೆಗೆ ನಡೆಯುತ್ತಿದ್ದಾರೆ. ದೂರದಿಂದ ನೋಡಿದವರು ಸೊಪ್ಪು ಮಾರುವವರೆಂದೇ ತಿಳಿಯಬೇಕು. ಹತ್ತಿರ ಹೋಗಿ ಇಣುಕಿದರೆ ತಬ್ಬಿಬ್ಬಾಗುತ್ತದೆ. ಬುಟ್ಟಿಯೊಳಗೆ ಕನ್ನಡಕಗಳಿವೆ, ಸಕ್ಕರೆ ಕಾಯಿಲೆಯ ಮಾತ್ರೆಗಳಿವೆ, ಮಂಡಿಗೆ ಕಟ್ಟುವ ಪಟ್ಟಿ, ಅರ್ಧ ಮುಗಿದ ಕೆಮ್ಮಿನ ಔಷಧದ ಸೀಸೆ, ಎಲ್ಲದರ ಮೇಲೆ ಅಡ್ಡಲಾಗಿ ಯಾರದೋ ಊರುಗೋಲು.

ಇದೆಲ್ಲ ಹಿಂದಿನ ಸಂಜೆ ಊರವರು ಚರ್ಚಿನಲ್ಲಿ ಬಿಟ್ಟುಹೋದದ್ದು. ಮೂರು ದಿನದ ಸಭೆ ನಡೆಸಲು ಪಟ್ಟಣದಿಂದ ಬಂದಿರುವ ಬೋಧಕ ಸ್ಟೀಫನ್ ತೇಜ, ನಂಬಿಕೆ ಇದ್ದವರಿಗೆ ಮಾತ್ರೆಯ ಹಂಗೇಕೆ, ತಂದು ಈ ಬುಟ್ಟಿಗೆ ಹಾಕಿ, ಕೊನೆಯ ದಿನ ಎಲ್ಲವನ್ನೂ ಗೋದಾವರಿಗೆ ಸುರಿದುಬಿಡೋಣ ಎಂದಿದ್ದರು. ಜನ ಸಾಲುಗಟ್ಟಿ ಬಂದು ಹಾಕಿದ್ದರು. ಚರ್ಚು ಗುಡಿಸುವ ಕೆಲಸ ದೀನಮ್ಮನದು. ನಸುಕಿನಲ್ಲಿ ಪೊರಕೆ ಹಿಡಿದು ಬಂದಾಗ ಬುಟ್ಟಿ ಪೀಠದ ಮುಂದೆಯೇ ಕೂತಿತ್ತು.

“ಕಸ ತೆಗೆಯೋಳು ನಾನು. ಯಾವುದು ಕಸ, ಯಾವುದಲ್ಲ ಅಂತ ನೋಡೋಳೂ ನಾನೇ ತಾನೆ?” ಎನ್ನುತ್ತಾರೆ. ಯಾವ ಮಾತ್ರೆ ಯಾರ ಮನೆಯದೆಂದು ಅವರು ಯಾರನ್ನೂ ಕೇಳುವುದಿಲ್ಲ. ಊರವರ ಔಷಧ ತರಲು ದೋಣಿಯಲ್ಲಿ ನದಿ ದಾಟಿ ಆಸ್ಪತ್ರೆಗೆ ಹೋಗಿ ಬರುವವರೂ ಅವರೇ.

ಮೊದಲು ಎಲೀಷ ತಾತನ ಮನೆ. ತಾತ ಹಗ್ಗದ ಮಂಚದ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದಾನೆ.

“ತಾತಾ, ತಗೋ ನಿನ್ನ ಕನ್ನಡಕ.”

“ಬೇಡ ಹೋಗೇ. ನಿನ್ನೆಯಿಂದ ಎಲ್ಲಾ ಚೆನ್ನಾಗಿ ಕಾಣ್ತಿದೆ.”

“ಹೌದಾ? ನಾನು ಯಾರು ಹೇಳು.”

“ನಿನ್ನ ಗಂಟಲು ಕೇಳಿದ್ರೆ ಸಮಾಧಿಯಲ್ಲಿರೋನೂ ಹೇಳ್ತಾನೆ.”

“ಸರಿ. ನನ್ನ ಹಿಂದೆ ಕಟ್ಟಿರೋದು ಎಮ್ಮೆನೋ, ಹಸುನೋ?”

ತಾತ ಕಣ್ಣು ಕಿರಿದು ಮಾಡಿ, ಕುತ್ತಿಗೆ ಚಾಚಿ, ಬಹಳ ಹೊತ್ತು ಯೋಚಿಸಿ, “ಎಮ್ಮೆ” ಎನ್ನುತ್ತಾನೆ.

“ಅದು ನಿನ್ನ ಸೊಸೆ ಒಗೆದು ಹಾಕಿರೋ ಕಂಬಳಿ.”

ಒಳಗಿನಿಂದ ಸೊಸೆ ಕಿಸಕ್ಕನೆ ನಗುತ್ತಾಳೆ. ತಾತ ಗೊಣಗುತ್ತಲೇ ಕನ್ನಡಕ ಏರಿಸಿಕೊಳ್ಳುತ್ತಾನೆ. ಎಲ್ಲ ಮನೆಗಳಲ್ಲೂ ಇಷ್ಟು ಸುಲಭವಿಲ್ಲ. ಕೆಲವರು ಬಾಗಿಲನ್ನೇ ತೆರೆಯುವುದಿಲ್ಲ. ಒಬ್ಬಾಕೆಯಂತೂ, “ದೇವರಿಗೆ ಕೊಟ್ಟಿದ್ದನ್ನ ವಾಪಸ್ ತರ್ತೀಯಲ್ಲ, ನಿನಗೆ ಭಯ ಇಲ್ವಾ?” ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾಳೆ. ದೀನಮ್ಮ ಮಾತಿಗೆ ಮಾತು ಬೆಳೆಸದೆ ಮಾತ್ರೆಯನ್ನು ಕಿಟಕಿಯ ಮೇಲಿಟ್ಟು ಮುಂದೆ ನಡೆಯುತ್ತಾರೆ.

ಕೊನೆಗೆ ಬುಟ್ಟಿಯಲ್ಲಿ ಒಂದೇ ಒಂದು ಹಾಳೆ ಮಾತ್ರೆ ಉಳಿಯುತ್ತದೆ. ಅದು ಸಲೋಮಿಯದು, ದೀನಮ್ಮನ ತಮ್ಮನ ಹೆಂಡತಿಯದು. ಸಲೋಮಿಗೆ ಮೂರ್ಛೆರೋಗ. ಒಮ್ಮೆ ಒಲೆಯ ಮುಂದೆ ಬಿದ್ದು ಮೊಣಕೈವರೆಗೆ ಸುಟ್ಟುಕೊಂಡಿದ್ದಾಳೆ, ಇನ್ನೊಮ್ಮೆ ಕಾಲುವೆಗೆ ಬಿದ್ದವಳನ್ನು ಸೀರೆ ಹಿಡಿದು ಎಳೆದು ತೆಗೆದದ್ದು ದೀನಮ್ಮನೇ. ಮಾತ್ರೆ ಶುರುವಾದ ಮೇಲೆ ಬಿದ್ದಿಲ್ಲ.

“ಬೇಡ ಅಕ್ಕಾ,” ಎನ್ನುತ್ತಾಳೆ ಸಲೋಮಿ, ಅಂಗಳ ಸಾರಿಸುತ್ತಾ, ತಲೆ ಎತ್ತದೆ. “ನನಗೆ ವಾಸಿಯಾಗಿದೆ. ಒಂದೇ ಒಂದು ದಿನ ಯಾರೂ ಹಿಂದೆ ಬರದ ಹಾಗೆ ಕಾಲುವೆಗೆ ಹೋಗಿ ಬಟ್ಟೆ ಒಗ್ಕೊಂಡು ಬರ್ಬೇಕು ಅಂತ ಆಸೆ. ಅದನ್ನೂ ಕಿತ್ಕೋಬೇಡ.”

ದೀನಮ್ಮ ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಾರೆ.

ಈ ಊರಿನ ಹೊರಗೆ ದೀನಮ್ಮನ ಹೆಸರು ಯಾರಿಗೂ ಗೊತ್ತಿಲ್ಲ. ಹಗಲು ತೆಂಗಿನ ನಾರು ಬಡಿದು ಹಗ್ಗ ಹೊಸೆಯುತ್ತಾರೆ. ಸಂಜೆ ಚರ್ಚಿನಲ್ಲಿ ಬೈಬಲ್ ಓದುತ್ತಾರೆ. ಇಲ್ಲಿ ಬೋಧಕರು ತಾವೇ ಓದುವುದಿಲ್ಲ. ಅವರು ಇಂಥ ಅಧ್ಯಾಯ ಎಂದು ಕರೆಯುತ್ತಾರೆ, ಎರಡನೇ ಮೈಕು ಹಿಡಿದು ಕೆಳಗೆ ನಿಂತವರು ಆ ವಾಕ್ಯವನ್ನು ಗಟ್ಟಿಯಾಗಿ ಓದುತ್ತಾರೆ, “ಸಾಕಮ್ಮಾ” ಎಂದೊಡನೆ ನಿಲ್ಲಿಸುತ್ತಾರೆ. ಆ ಕೊನೆಯ ಮಾತನ್ನು ಹಿಡಿದುಕೊಂಡು ಬೋಧಕರು ತಮ್ಮ ಬೋಧನೆ ಎತ್ತಿಕೊಳ್ಳುತ್ತಾರೆ. ಹಾಡುವವರನ್ನು ಹೊಗಳುತ್ತಾರೆ, ಬೋಧಿಸುವವರಿಗೆ ಹಾರ ಹಾಕುತ್ತಾರೆ. ಓದುವವರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ದೀನಮ್ಮನಿಗೆ ಈ ಕೆಲಸ ಸಿಕ್ಕಿದ್ದು ಗಂಟಲಿನಿಂದ. ಹುಡುಗಿಯಾಗಿದ್ದಾಗ ಆಚೆ ದಡದ ದೋಣಿಯವನನ್ನು ಕೂಗಿ ಕರೆಯುತ್ತಿದ್ದವರು ಅವರೇ. ಅದನ್ನು ಕೇಳಿದ ಹಳೆಯ ಅಯ್ಯಗಾರು, ಅಂದರೆ ಆಗಿನ ಪಾದ್ರಿ, “ಗೋದಾವರಿ ದಾಟೋ ಗಂಟಲು ಮೈಕಿಲ್ಲದ ಚರ್ಚಿಗೆ ಸಾಲದೇನು?” ಎಂದು ಕರೆದು ನಿಲ್ಲಿಸಿದರಂತೆ. ಜೊತೆಗೊಂದು ಪಾಠವನ್ನೂ ಹೇಳಿಕೊಟ್ಟರು. ಒಂದು ವಾಕ್ಯ ಓದಬೇಕಾದರೆ ಮನೆಯಲ್ಲಿ ಇಡೀ ಪುಟ ಓದಿಕೊಂಡು ಬರಬೇಕು, ಇಲ್ಲದಿದ್ದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ತಿಳಿಯುವುದಿಲ್ಲ.

“ಅವರು ಹೇಳಿದ್ದು ಉಸಿರಿಗೋಸ್ಕರ,” ಎಂದು ನಗುತ್ತಾರೆ ದೀನಮ್ಮ. “ನನಗೆ ಸಿಕ್ಕಿದ್ದು ಬೇರೆ. ಓದ್ತಾ ಓದ್ತಾ ಗೊತ್ತಾಯ್ತು. ಕೆಲವರು ಎಲ್ಲಿ ಸಾಕು ಅಂತಾರೋ ಅಲ್ಲಿ ಮಾತು ಮುಗಿದಿರಲ್ಲ. ಯಾಕೆ ಇಲ್ಲಿಗೇ ನಿಲ್ಲಿಸಿದ್ರು ಅಂತ ಮನೆಗೆ ಬಂದು ನೋಡಿದ್ರೆ, ಮುಂದಿನ ವಾಕ್ಯ ಅವರ ಮಾತಿಗೆ ಅಡ್ಡ ಕೂತಿರುತ್ತೆ.”

ಹಾಗಾದರೆ ಸುಳ್ಳು ಬೋಧಕರನ್ನು ಗುರುತಿಸುವುದು ಬಲು ಸುಲಭವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. “ಸುಲಭ ಏನಿಲ್ಲ. ನಾನೇ ಮೋಸ ಹೋಗಿದೀನಿ, ಅದೂ ಉಲ್ಟಾ. ಒಬ್ಬ ಬಂದಿದ್ದ, ಕೆದರಿದ ತಲೆ, ಹರಿದ ಅಂಗಿ, ಮಾತಾಡಿದ್ರೆ ಬೈದ ಹಾಗೆ. ಇವನು ಕಳ್ಳನೇ ಅಂತ ಊರೆಲ್ಲ ಹೇಳ್ಕೊಂಡು ಬಂದೆ. ಆಮೇಲೆ ಪ್ರವಾಹ ಬಂತು. ಅಕ್ಕಿ ಹೊತ್ಕೊಂಡು ಈಜ್ಕೊಂಡು ಬಂದೋನು ಅವನೊಬ್ಬನೇ. ಅವತ್ತಿಂದ ಅಂಗಿ ನೋಡೋದು ಬಿಟ್ಟೆ, ಸ್ವರ ನೋಡೋದೂ ಬಿಟ್ಟೆ. ನಾನು ಪ್ರಶ್ನೆ ಕೇಳಿದ್ರೆ ಬಂದ ಬೋಧಕನಿಗೆ ಖುಷಿಯಾಗುತ್ತಾ, ಸಿಟ್ಟು ಬರುತ್ತಾ, ಅದನ್ನ ನೋಡ್ತೀನಿ. ಅವನು ಹೋದ್ಮೇಲೆ ಜನ ದೇವರ ಹೆಸರು ಹೇಳ್ತಾರಾ, ಇವನ ಹೆಸರು ಹೇಳ್ತಾರಾ, ಅದನ್ನೂ ನೋಡ್ತೀನಿ. ಅಷ್ಟು ನೋಡಿದ್ರೂ ತಪ್ಪಬಹುದು.”

ತೇಜ ಅವರಿಗೆ ಸಿಟ್ಟು ಬಂದಿರಲಿಲ್ಲ ಎನ್ನುವುದೇ ಇಲ್ಲಿನ ತೊಡಕು. ಮೊದಲ ಸಂಜೆ ಅವರು ಕರೆದದ್ದು ರೋಗಿಷ್ಠ ರಾಜನ ಕಥೆ. ಸಾಯುವ ಸ್ಥಿತಿಯಲ್ಲಿದ್ದ ರಾಜ ಗೋಡೆಯ ಕಡೆ ತಿರುಗಿ ಅಳುತ್ತಾನೆ, ದೇವರು ಕಣ್ಣೀರು ಕಂಡು ವಾಸಿ ಮಾಡುತ್ತೇನೆ ಎನ್ನುತ್ತಾನೆ. “ಸಾಕಮ್ಮಾ” ಎಂದರು ತೇಜ. ದೀನಮ್ಮ ನಿಲ್ಲಿಸಲಿಲ್ಲ. ಮುಂದೆ ಪ್ರವಾದಿ ಅಂಜೂರದ ಹಣ್ಣಿನ ಮುದ್ದೆ ತರಿಸುತ್ತಾನೆ, ರಾಜನ ಹುಣ್ಣಿನ ಮೇಲೆ ಇಡಿಸುತ್ತಾನೆ, ರಾಜ ಚೇತರಿಸಿಕೊಳ್ಳುತ್ತಾನೆ. ಅಷ್ಟನ್ನೂ ಓದಿಯೇ ಬಾಯಿ ಮುಚ್ಚಿದ್ದು.

ತೇಜ ಬಾಯ್ತುಂಬ ನಕ್ಕರು. “ನಮ್ಮಮ್ಮನ ಹಸಿವು ನೋಡಿ! ಬಡಿಸಿದ್ದು ಸಾಲದು ಅಂತ ಪಾತ್ರೆಗೇ ಕೈ ಹಾಕ್ತಾರೆ. ಆ ಕಾಲದೋರ ನಂಬಿಕೆ ಚಿಕ್ಕದು, ಅದಕ್ಕೆ ಅಂಜೂರ ಬೇಕಾಯ್ತು. ನಿಮ್ಮ ನಂಬಿಕೆ ಚಿಕ್ಕದಾ?” ಸಭೆಯೆಲ್ಲ ನಗುತ್ತಾ “ಸ್ತೋತ್ರಂ!” ಎಂದು ಕೂಗಿತು. ಬುಟ್ಟಿ ತುಂಬಿದ್ದು ಆಮೇಲೆ.

“ನಿಜ ಹೇಳ್ಬೇಕಂದ್ರೆ ನನಗೂ ನಗು ಬಂತು,” ಎನ್ನುತ್ತಾರೆ ದೀನಮ್ಮ. “ಎಷ್ಟು ಚೆನ್ನಾಗಿ ಮಾತಾಡ್ತಾನೆ ಮಹಾರಾಯ! ಆಮೇಲೆ ಸಲೋಮಿ ಎದ್ದು ಬುಟ್ಟಿ ಕಡೆ ಹೋದ್ಲು. ನಗು ಅಲ್ಲೇ ಸತ್ತುಹೋಯ್ತು.”

ಬುಟ್ಟಿ ಖಾಲಿಯಾದ ಸುದ್ದಿ ಎರಡನೆಯ ದಿನ ಮಧ್ಯಾಹ್ನದೊಳಗೆ ಊರೆಲ್ಲ ಹಬ್ಬುತ್ತದೆ. ಚರ್ಚಿನ ಹಿರಿಯರು ದೀನಮ್ಮನ ಅಂಗಳಕ್ಕೇ ಬಂದು ನಿಲ್ಲುತ್ತಾರೆ. ಜೊತೆಗೆ ಬಂದಿರುವ ಈಗಿನ ಅಯ್ಯಗಾರು ಸಾಧು ಮನುಷ್ಯ. ಸುತ್ತಲಿನ ಲಂಕಗಳಿಗೆಲ್ಲ, ಅಂದರೆ ನದಿಯ ನಡುಗಡ್ಡೆಗಳಿಗೆಲ್ಲ, ಅವರೊಬ್ಬರೇ ಪಾದ್ರಿ. ಅತಿಥಿಯ ಮುಂದೆ ಮುಖ ಉಳಿಸಿಕೊಳ್ಳುವುದು ಹೇಗೆಂಬುದೇ ಅವರ ಚಿಂತೆ.

“ಏನಮ್ಮಾ ದೀನಮ್ಮ, ಯಾಕೆ ಹೀಗೆ ಮಾಡಿದೆ?”

“ಗುಡಿಸಿದೆ ಅಯ್ಯಗಾರೂ.”

“ಇವತ್ತಿಂದ ಮೈಕು ಬೇರೆಯವರಿಗೆ ಕೊಡೋಣ ಅಂತಿದ್ದಾರೆ. ಬೇಜಾರು ಮಾಡ್ಕೋಬೇಡ.”

“ಯಾರಿಗೆ?”

ಅಯ್ಯಗಾರು ನೆಲ ನೋಡುತ್ತಾರೆ. “ಸಲೋಮಿಗೆ. ಅವಳ ನಂಬಿಕೆ ಕಂಡು ತೇಜ ಅವರೇ ಹೆಸರು ಹೇಳಿದ್ರು. ಕೊನೇ ದಿನ ಎಲ್ಲರೆದುರು ವಾಸಿಯಾಯ್ತು ಅಂತ ಅವಳ ಕೈಲಿ ಸಾಕ್ಷಿನೂ ಹೇಳಿಸ್ತಾರಂತೆ.”

ಬೇರೆಯವರಾಗಿದ್ದರೆ ಕೂಗಾಡುತ್ತಿದ್ದರು. ದೀನಮ್ಮ ಒಳಗೆ ಹೋಗಿ ತಮ್ಮ ದಪ್ಪಕ್ಷರದ ಪುಸ್ತಕ ತಂದು, ನೇರವಾಗಿ ಸಲೋಮಿಯ ಮನೆಗೆ ಹೋಗಿ, ಅವಳ ಮಡಿಲಲ್ಲಿಡುತ್ತಾರೆ. ಮಾತ್ರೆಯ ಸುದ್ದಿ ಎತ್ತುವುದಿಲ್ಲ. ಹಿಂದಿನ ಸಂಜೆಯಿಂದ ಹೇಳಿ ಹೇಳಿ ಸೋತಿದ್ದಾರೆ.

“ಮೈಕಿನ ಮುಂದೆ ಉಸಿರು ಕಟ್ಟಿ ನಿಂತ್ಕೊಂಡೆ ಅಂದ್ರೆ ನಮ್ಮನೆ ಮರ್ಯಾದೆ ಹೋಗುತ್ತೆ, ತಿಳೀತಾ? ಯಾವ ಕಥೆ ಕರೀತಾರೆ ಅಂತ ಮೊದಲೇ ಕೇಳ್ಕೋ. ಆ ಪುಟ ಮೇಲಿಂದ ಕೆಳಗಿನವರೆಗೂ ಗಟ್ಟಿಯಾಗಿ ಓದಿಕೋ. ಗೋಡೆಗೆ ಕೇಳಿಸೋ ಹಾಗೆ ಓದಬೇಕು.”

“ನೀನು ಬೈತೀಯ ಅಂದ್ಕೊಂಡಿದ್ದೆ,” ಎನ್ನುತ್ತಾಳೆ ಸಲೋಮಿ.

“ಬೈಯೋದು ಆಮೇಲೆ ಇದ್ದೇ ಇದೆ. ಮೊದಲು ಓದು.”

ಆ ಸಂಜೆ ಸಲೋಮಿ ಓದುತ್ತಾಳೆ, ಹೇಳಿದಲ್ಲಿ ನಿಲ್ಲಿಸುತ್ತಾಳೆ. ತೇಜ ಮೆಚ್ಚಿ ತಲೆದೂಗುತ್ತಾರೆ. ಬುಟ್ಟಿಯಲ್ಲಿ ಮತ್ತೆ ಒಂದಷ್ಟು ಮಾತ್ರೆಗಳು ಬೀಳುತ್ತವೆ. ಮೂರನೆಯ ದಿನ ಬೆಳಗ್ಗೆ ಸಲೋಮಿಯ ಎಡಗೈ ತನ್ನಷ್ಟಕ್ಕೆ ಅದುರಿ ಕಾಫಿ ಲೋಟ ಕೆಳಗೆ ಬೀಳುತ್ತದೆ. ಅವಳು ಅದನ್ನು ನೋಡುತ್ತಾ ನಿಲ್ಲುತ್ತಾಳೆ. ಬಾಗಿಲಲ್ಲಿ ನಿಂತ ದೀನಮ್ಮನೂ ನೋಡುತ್ತಾರೆ. ಸಲೋಮಿ ಬಟ್ಟೆಯ ಗಂಟು ಎತ್ತಿಕೊಂಡು ಕಾಲುವೆಗೆ ಹೊರಡುತ್ತಾಳೆ. ದೀನಮ್ಮ ಆಗಲೇ ಒಗೆದಿದ್ದ ತಮ್ಮ ಸೀರೆಯನ್ನೇ ಮತ್ತೆ ಎತ್ತಿಕೊಂಡು ಹಿಂದೆ ನಡೆಯುತ್ತಾರೆ.

“ಹಿಂದೆ ಬರಬೇಡ ಅಕ್ಕಾ!”

“ನಿನ್ನ ಹಿಂದೆ ಯಾರು ಬಂದ್ರೇ? ಕಾಲುವೆ ನಿಮ್ಮಪ್ಪಂದಾ? ನನಗೂ ಬಟ್ಟೆ ಇದೆ.”

ಹೆದರಿಕೆಯಾಗಲಿಲ್ಲವೇ ಎಂದು ಕೇಳಿದರೆ ದೀನಮ್ಮ ನಾರು ಬಿಡಿಸುತ್ತಲೇ ಹೇಳುತ್ತಾರೆ. “ಆ ಮೂರು ದಿನ ನಾನು ಅನ್ನ ಉಂಡಿದ್ದು ನೆನಪಿಲ್ಲ. ಅನ್ನದಲ್ಲಿ ಕಲಸಿ ಮಾತ್ರೆ ಹಾಕಿಬಿಡ್ಲಾ ಅಂತಾನೂ ಅನ್ನಿಸ್ತು. ಆದ್ರೆ ಅವಳು ತಿಂದ್ರೆ ತಾನೇ ಕೈಯಾರೆ ತಿನ್ಬೇಕು. ಇಲ್ಲಾಂದ್ರೆ ನಾಳೆ ಇನ್ನೊಬ್ಬ ತೇಜ ಬರ್ತಾನೆ.”

ಕೊನೆಯ ಸಂಜೆ ಚರ್ಚಿನ ಮುಂದಿನ ಶಾಮಿಯಾನ ತುಂಬಿ ಜನ ತೆಂಗಿನ ಮರಗಳ ಕೆಳಗೂ ಕೂತಿದ್ದಾರೆ. ದೀನಮ್ಮನ ಜಾಗ ಇಂದು ಹೆಂಗಸರ ಕೊನೆಯ ಸಾಲಿನಲ್ಲಿ. ತೇಜ ಮತ್ತೆ ರಾಜನ ಕಥೆಯನ್ನೇ ಕರೆಯುತ್ತಾರೆ. ಮೊದಲ ದಿನ ಬುಟ್ಟಿ ತುಂಬಿಸಿದ್ದು ಆ ಕಥೆಯೇ, ಇಂದು ಅದರ ಬೆನ್ನಿಗೇ ಸಲೋಮಿಯ ಸಾಕ್ಷಿ. ಸಲೋಮಿ ಓದುತ್ತಾಳೆ. ರಾಜ ಅಳುತ್ತಾನೆ, ದೇವರು ಕಣ್ಣೀರು ಕಾಣುತ್ತಾನೆ.

“ಸಾಕು ತಂಗೀ.”

ಸಲೋಮಿ ನಿಲ್ಲಿಸುತ್ತಾಳೆ. ತೇಜ ಬಾಯಿ ತೆರೆಯುವಷ್ಟರಲ್ಲಿ ಮೈಕಿನಲ್ಲಿ ಅವಳ ಉಸಿರು ಕೇಳಿಸುತ್ತದೆ. ಆಮೇಲೆ ಅವಳು ಮುಂದಕ್ಕೆ ಓದತೊಡಗುತ್ತಾಳೆ. ಯಾರ ಕಡೆಯೂ ನೋಡುತ್ತಿಲ್ಲ, ಪುಸ್ತಕವನ್ನು ಮುಖದ ಹತ್ತಿರ ಹಿಡಿದು ತನಗೆ ತಾನೇ ಓದಿ ಹೇಳಿಕೊಳ್ಳುವವಳಂತೆ ಓದುತ್ತಿದ್ದಾಳೆ. “ಸಾಕಮ್ಮಾ,” ಎಂದು ತೇಜ ಇನ್ನೊಮ್ಮೆ ಹೇಳುತ್ತಾರೆ. ಪ್ರವಾದಿ ಅಂಜೂರ ತರಿಸುತ್ತಾನೆ. ಹುಣ್ಣಿನ ಮೇಲೆ ಇಡಿಸುತ್ತಾನೆ. ರಾಜ ಚೇತರಿಸಿಕೊಳ್ಳುತ್ತಾನೆ. ಸಲೋಮಿ ಪುಸ್ತಕ ಮುಚ್ಚಿ ಮೈಕನ್ನು ಕೆಳಗಿಟ್ಟು, ಸಾಕ್ಷಿ ಹೇಳದೆಯೇ ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾಳೆ.

ಈ ಬಾರಿ ಯಾರೂ ನಗುವುದಿಲ್ಲ. “ನಾನು ಓದಿದಾಗ ಅದು ಬರೀ ಕಥೆ,” ಎನ್ನುತ್ತಾರೆ ದೀನಮ್ಮ. “ಅವಳು ಓದಿದಾಗ ಎಲ್ರಿಗೂ ಗೊತ್ತಾಯ್ತು, ಸಾಯೋ ಹಾಗಿದ್ದ ರಾಜ ಅವಳೇ ಅಂತ.”

ತೇಜ ಅವರನ್ನು ಯಾರೂ ಅಟ್ಟಿಸಿಕೊಂಡು ಹೋಗಲಿಲ್ಲ. ಅವರು ಕೀಬೋರ್ಡಿನವನಿಗೆ ಸನ್ನೆ ಮಾಡಿ ಹಾಡು ಎತ್ತಿದರು, ಜನ ಚಪ್ಪಾಳೆ ತಟ್ಟಿದರು, ಹಿರಿಯರು ಹಾರ ಹಾಕಿ ದೋಣಿ ಹತ್ತಿಸಿದರು. ಬುಟ್ಟಿಯನ್ನು ಗೋದಾವರಿಗೆ ಸುರಿಯುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮಾರನೆಯ ಬೆಳಗ್ಗೆ ಒಬ್ಬೊಬ್ಬರೇ ಚರ್ಚಿಗೆ ಬಂದು, ದೀನಮ್ಮ ಗುಡಿಸುತ್ತಿರುವುದನ್ನು ಕಾಣದವರಂತೆ, ತಮ್ಮ ತಮ್ಮದನ್ನು ಎತ್ತಿಕೊಂಡು ಹೋದರು.

ಈಗ ಬಿಸಿಲೇರುತ್ತಿದೆ. ದೀನಮ್ಮ ತಂಗಳನ್ನಕ್ಕೆ ಗೋಂಗೂರ ಪಚ್ಚಡಿ ಕಲಸಿಕೊಂಡು ಮೂರು ದಿನದ ಹಸಿವನ್ನು ಒಟ್ಟಿಗೆ ತೀರಿಸುವವರಂತೆ ಉಣ್ಣುತ್ತಿದ್ದಾರೆ. ಸೆರಗಿನ ತುದಿಯಲ್ಲಿ ಗಂಟಿಲ್ಲ. ಅದನ್ನು ಸಲೋಮಿಯೇ ಬಂದು ಬಿಚ್ಚಿಕೊಂಡು ಹೋಗಿದ್ದಾಳೆ. ಆಸ್ಪತ್ರೆಯ ಡಾಕ್ಟರಮ್ಮನನ್ನು ಕಾಣಲು ನಾಳೆ ಇಬ್ಬರೂ ದೋಣಿಯಲ್ಲಿ ನದಿ ದಾಟಲಿದ್ದಾರೆ. ಮೈಕು ಯಾರಿಗೆಂದು ಹಿರಿಯರು ಇನ್ನೂ ತೀರ್ಮಾನಿಸಿಲ್ಲ. ಆ ಚಿಂತೆ ದೀನಮ್ಮನಿಗಿಲ್ಲ.

“ಅವಳೇ ಓದಲಿ ಬಿಡಿ, ನನಗಿಂತ ಚೆನ್ನಾಗಿ ಓದ್ತಾಳೆ. ನನ್ನದೊಂದೇ ಆಸೆ. ಕೂತಿರೋ ಎಲ್ಲರ ಮಡಿಲಲ್ಲೂ ಪುಸ್ತಕ ತೆರೆದಿರ್ಬೇಕು. ಬೋಧಕ ಇರಲಿ, ಅಯ್ಯಗಾರು ಇರಲಿ, ನಾನೇ ಇರಲಿ, ಅರ್ಧಕ್ಕೆ ನಿಲ್ಲಿಸಿದ್ರೆ ಯಾರಾದ್ರೂ ಒಬ್ರು ‘ಮುಂದಿಂದು ಓದಿ’ ಅಂತ ಕೂಗ್ಬೇಕು.”

ಬಾಗಿಲಲ್ಲಿ ನೆರಳು ಬೀಳುತ್ತದೆ. ಸಲೋಮಿ ಬಟ್ಟೆಯ ಗಂಟು ತಲೆಯ ಮೇಲಿಟ್ಟುಕೊಂಡು ನಿಂತಿದ್ದಾಳೆ.

“ಅಕ್ಕಾ, ಕಾಲುವೆಗೆ ಹೋಗ್ತಿದ್ದೀನಿ. ಬರ್ತೀಯಾ?”

ದೀನಮ್ಮ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು, ಒಗೆಯಲು ಏನಾದರೂ ಸಿಗುತ್ತದೆಯೇ ಎಂದು ಮನೆಯೆಲ್ಲ ಹುಡುಕತೊಡಗುತ್ತಾರೆ.