ಕೇಳದೆ ಸಿಕ್ಕ ಕೊಸರು

ಕಳೆದ ವಾರ ದಿಂಬಿನ ಗವಸಿಗೆ ಬಟ್ಟೆ ಬೇಕೆಂದು ಕಲಬುರಗಿಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕೆಲಸದ ಹುಡುಗ ಬಿಳಿ ಲಠ್ಠಾದ ಥಾನು ಇಳಿಸಿ, ಒಮ್ಮೆ ಜೋರಾಗಿ ಕೊಡವಿ ನನ್ನ ಮುಂದೆ ಹರಡಿದ. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ತಾಂಡೂರಿನ ಬಜಾರು ಬಂತು, ಮೂರು ಮೆಟ್ಟಿಲಿನ ಒಂದು ಅಂಗಡಿ ಬಂತು, ಮೆಟ್ಟಿಲು ಹತ್ತದೆ ಬೀದಿಯಲ್ಲೇ ನಿಂತಿದ್ದ ಖಾಲಾ ಬಂದಳು...

ವಾಡಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡು ಅವಳ ಮನೆ. ನನಗಷ್ಟೇ ಅಲ್ಲ, ಓಣಿಗೆಲ್ಲ ಅವಳು ಖಾಲಾ, ಚಿಕ್ಕಮ್ಮ. ಗಂಡ ರಾವೂರಿನ ಕಲ್ಲಿನ ಗಣಿಯಲ್ಲಿ ದುಡಿದು, ಎದೆಯಲ್ಲಿ ದೂಳು ತುಂಬಿಕೊಂಡು ತೀರಿಹೋಗಿದ್ದ. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಶಹಾಬಾದಿನಲ್ಲಿದ್ದರು. ಆಗ ಸಿಮೆಂಟ್ ಕಾರ್ಖಾನೆಯ ಹೊಸ ಭಟ್ಟಿ ಕೂಡಿಸಲು ಯುರೋಪಿನಿಂದ ಒಬ್ಬ ಎಂಜಿನಿಯರ್ ಹೆಂಡತಿ ಮತ್ತು ಸಣ್ಣ ಮಗಳೊಂದಿಗೆ ಬಂದಿದ್ದ. ಅವರ ಬಂಗಲೆಯಲ್ಲಿ ಖಾಲಾ ಅಡುಗೆಗೆ ಹೋಗುತ್ತಿದ್ದಳು. ನಾನು ಕಾಲೇಜು ಮುಗಿಸಿ ಅದೇ ಕಾರ್ಖಾನೆಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಪತ್ರಿಕೆಯ ಕೆಲಸ ಇನ್ನೂ ಮುಂದಿತ್ತು. ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಇತ್ತು.

ಚೌಕಾಸಿಯಲ್ಲಿ ಖಾಲಾನನ್ನು ಮೀರಿಸುವವರು ವಾಡಿಯಲ್ಲಿರಲಿಲ್ಲ. ದೂರದಿಂದ ಅವಳ ಸೀರೆಯ ಬಣ್ಣ ಕಂಡರೆ ಸಾಕು, ಸಂತೆಯಲ್ಲಿ ಕಾಯಿಪಲ್ಯೆಯವಳು, "ಬಂದಳವ್ವಾ! ತಕ್ಕಡಿ ಮುಚ್ಚಿಡ್ರಿ" ಎಂದು ಪಕ್ಕದವರಿಗೆ ಕೂಗುತ್ತಿದ್ದಳು. ಬೆಲೆ ಇಳಿಸುವುದು ಅರ್ಧ ಕೆಲಸ ಮಾತ್ರ. ಬೆಲೆ ಕುದುರಿ, ತೂಕವಾಗಿ, ಚೀಲಕ್ಕೆ ಬಿದ್ದ ಮೇಲೆ ಖಾಲಾ ಕದಲದೆ ನಿಂತು "ಕೊಸರು?" ಎನ್ನುತ್ತಿದ್ದಳು. ಒಂದು ಹಿಡಿ ಮೆಣಸಿನಕಾಯಿಯೋ ಎರಡು ಬದನೆಕಾಯಿಯೋ ಮೇಲೆ ಬಿದ್ದ ಮೇಲೆಯೇ ಅವಳ ಹೆಜ್ಜೆ ಮುಂದೆ. ಇದನ್ನು ನೋಡಿ ನೋಡಿ ಬಂಗಲೆಯ ಮೇಮ್‌ಸಾಬ್ ಕೂಡ ಎರಡು ಮಾತು ಕಲಿತಿದ್ದಳು: "ಕಮ್ ಕರೊ" ಮತ್ತು "ಕೊಸರು."

ಆ ವರ್ಷ ಚಳಿಗಾಲಕ್ಕೆ ಮೊದಲು ಖಾಲಾನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ನೋಡಿ, ತಡವಾಗಿದೆ, ಮನೆಯಲ್ಲೇ ಆರಾಮವಾಗಿರಲಿ ಎಂದು ಕಳಿಸಿದ್ದರು. ಈ ಸಂಗತಿ ಗೊತ್ತಿದ್ದದ್ದು ನಮ್ಮ ಅವ್ವನಿಗೆ, ಅವ್ವನಿಂದ ನನಗೆ. ಮಕ್ಕಳಿಗೆ ಸಹ ಖಾಲಾ ಹೇಳಿರಲಿಲ್ಲ.

ಅವಳಿಗೆ ಸಾವಿನ ಚಿಂತೆ ಇದ್ದಂತೆ ಕಾಣಲಿಲ್ಲ. ಚಿಂತೆ ಇದ್ದದ್ದು ಕಫನಿನ ಬಟ್ಟೆಯದು. ನಮ್ಮ ಕಡೆ ಹೆಣ್ಣುಮಗಳ ಮೈಮೇಲಿನ ಕೊನೆಯ ಬಟ್ಟೆ ತವರಿನಿಂದ ಬರಬೇಕು. ಅದು ಹಿಂದೂಗಳಲ್ಲೂ ಉಂಟು, ಮುಸಲ್ಮಾನರಲ್ಲೂ ಉಂಟು. ಖಾಲಾನ ತವರು ರಾಜ್ಯದ ಗಡಿಯಾಚೆಯ ತಾಂಡೂರು. ತಂದೆಯದು ಬಟ್ಟೆ ಅಂಗಡಿ. ಅವಳು ಗಣಿಯ ಆಳನ್ನು ಮೆಚ್ಚಿ ಮದುವೆಯಾದಾಗ ತಂದೆ, ಇನ್ನು ನನ್ನ ಅಂಗಡಿಯ ಮೆಟ್ಟಿಲು ತುಳಿಯಬೇಡ ಎಂದಿದ್ದರು. ತಂದೆ ಹೋದರು. ತಮ್ಮ ಅಂಗಡಿಗೆ ಕುಳಿತ, ತಂದೆಯ ಮಾತನ್ನೂ ಹಿಡಿದು ಕುಳಿತ. ಅಂದಿನಿಂದ ಅಕ್ಕ ತಮ್ಮಂದಿರ ನಡುವೆ ಹೋಗಿ ಬರುವುದಿರಲಿ, ಸಲಾಮು ಕೂಡ ಇರಲಿಲ್ಲ.

"ಕೇಳಿ ತರಿಸಿದ್ರ ಅದು ತವರಿನ ಬಟ್ಟಿ ಹೆಂಗ ಆಗ್ತದವ್ವಾ?" ಎಂದು ಅವಳು ನಮ್ಮ ಅವ್ವನ ಮುಂದೆ ಅಂದದ್ದನ್ನು ನಾನು ಒಳಗಿನಿಂದ ಕೇಳಿಸಿಕೊಂಡಿದ್ದೆ. "ಅವ ತಾನಾಗಿ ಕೊಡಬೇಕು."

ಅಷ್ಟರಲ್ಲಿ ಸಾಹೇಬರ ಹಬ್ಬದ ರಜೆ ಬಂತು. ಎಲ್ಲಿಗಾದರೂ ತಿರುಗಾಡಿ ಬರಬೇಕು, ಪರದೆಗೆ ಬಟ್ಟೆ, ಒಂದಿಷ್ಟು ಹಿತ್ತಾಳೆ ಸಾಮಾನು ಅಗ್ಗದಲ್ಲಿ ಕೊಳ್ಳಬೇಕು ಎಂದು ಮೇಮ್‌ಸಾಬ್‌ಗೆ ಆಸೆ. ಖಾಲಾ ತಕ್ಷಣ, "ತಾಂಡೂರಿಗೆ ಹೋಗೂಣು. ಗಡಿ ಆಚಿ ಎಲ್ಲಾ ಸಸ್ತಾ" ಎಂದಳಂತೆ. ನಮ್ಮ ಅವ್ವ ನನ್ನನ್ನು ಕರೆದು, "ಮಾತು ತಿಳಿಸಾಕ ಅಂತ ನೀನೂ ಹೋಗು. ದಾರ್ಯಾಗ ಆಕಿ ಮ್ಯಾಲ ನಿಗಾ ಇಡು" ಎಂದಳು.

ಬೆಳಗಿನ ಪ್ಯಾಸೆಂಜರ್ ಗಾಡಿ. ಚಿತ್ತಾಪುರ ದಾಟಿದ ಮೇಲೆ ಎರಡೂ ಕಡೆ ತೊಗರಿ ಹೊಲ. ಸಾಹೇಬ ಕಿಟಕಿಯಿಂದ ಫೋಟೋ ಹೊಡೆಯುತ್ತಿದ್ದ. ಮಗಳು ಖಾಲಾನ ತೊಡೆಯ ಮೇಲೆ ಕೂತು ಬುತ್ತಿಯ ರೊಟ್ಟಿ ಮುರಿಯುತ್ತಿದ್ದಳು. ಸೇಡಂ ಹೋದ ಮೇಲೆ ಮೇಮ್‌ಸಾಬ್, ಗಡಿ ಎಲ್ಲಿ, ಗೇಟು ಇರುತ್ತದೆಯೇ, ಪಾಸ್‌ಪೋರ್ಟು ತರಲಿಲ್ಲವಲ್ಲ ಎಂದು ಕೇಳತೊಡಗಿದಳು. ನಾನು ಖಾಲಾಗೆ ಹೇಳಿದೆ. ಅವಳು ನಕ್ಕಳು.

"ಎಲ್ಲಿ ಅದ ಬೇಟಾ ಗಡಿ? ನಾ ಲಗ್ನ ಆಗಿ ಬಂದಾಗ ಈ ಕಡಿ ಆ ಕಡಿ ಎಲ್ಲಾ ಒಂದೇ ಸರ್ಕಾರ. ಗೆರಿ ಆಮ್ಯಾಲ ಕೊರದ್ರು. ನಮ್ಮ ಮನ್ಯಾಗ ಮಾತ್ರ ಮೊದಲೇ ಕೊರದಿದ್ರು."

ಕೊನೆಯ ಮಾತನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ತಾಂಡೂರಿನಲ್ಲಿ ಮೊದಲು ಹಿತ್ತಾಳೆ ಅಂಗಡಿ. ಒಂದು ತಂಬಿಗೆಗೆ ಖಾಲಾ ತೆಲುಗು, ಉರ್ದು, ಕನ್ನಡ ಮೂರರಲ್ಲೂ ಜಗಳ ತೆಗೆದಳು. "ತೂತು ಬಿದ್ದರ ನಿಮ್ಮ ಮನೀಗಿ ನೀರು ಕುಡಿಯಾಕ ಬರ್ಲೇನು?" ಎಂದಳು. "ಬರ್ರಿ, ತೂತಿನ ತಂಬಿಗ್ಯಾಗೇ ಕೊಡ್ತೀನಿ" ಎಂದ ಅಂಗಡಿಯವನು. ಸುತ್ತ ನಿಂತವರು ನಕ್ಕರು. ತಂಬಿಗೆಯ ಜೊತೆ ಒಂದು ಸಣ್ಣ ಲೋಟ ಕೊಸರಾಗಿ ಬಂತು. ಮೇಮ್‌ಸಾಬ್ ಅದನ್ನು ಗೆದ್ದ ಕಪ್ಪಿನಂತೆ ಎತ್ತಿ ಹಿಡಿದಳು.

ಆಮೇಲೆ ಖಾಲಾ ನಮ್ಮನ್ನು ಮೂರು ಮೆಟ್ಟಿಲಿನ ಆ ಅಂಗಡಿಗೆ ಕರೆದೊಯ್ದಳು. ಸಾಹೇಬರ ಸಂಸಾರ ಮೇಲೆ ಹತ್ತಿ ಗಾದಿಯ ಮೇಲೆ ಕುಳಿತಿತು. ಖಾಲಾ ಕೆಳಗೇ ನಿಂತಳು. ಬಿಳಿ ಟೊಪ್ಪಿಗೆಯ ಮಾಲೀಕ ತಲೆ ಎತ್ತಿ ಅವಳನ್ನು ನೋಡಿದ, ನೋಡಿ ಗಜಕಡ್ಡಿ ಹುಡುಕುವವನಂತೆ ಪಕ್ಕಕ್ಕೆ ತಿರುಗಿದ.

"ಸೇಟ್‌ಜಿ, ಮೇಮ್‌ಸಾಬಗ ಪರದೆ ಬಟ್ಟಿ ತೋರಿಸ್ರಿ" ಎಂದಳು ಖಾಲಾ.

ಅವನು ತೋರಿಸಿದ. ಗಜಕ್ಕೆ ಎಂಟು ರೂಪಾಯಿ ಎಂದ.

"ಎಂಟು! ನಡುವ ಬಂಗಾರದ ಎಳಿ ಹಾಕ್ಯಾರೇನು?"

"ಮುಟ್ಟಿ ನೋಡಿ ಮಾತಾಡ್ರಿ ಬಾಯಿ."

"ಮುಟ್ಟಾಕ ಮ್ಯಾಲ ಬರಬೇಕಲ್ಲ."

"ಬರಬ್ಯಾಡ್ರಿ ಅಂತ ನಾ ಅಂದಿಲ್ಲ."

"ಅಂದವ್ರು ಹೋದ್ರು. ಅಂದಿದ್ದು ಹಿಡಕೊಂಡು ಕುಂತವ್ರು ಅದಾರಲ್ಲ."

"ಈ ಅಂಗಡ್ಯಾಗ ಒಂದೇ ಮಾತು, ಒಂದೇ ರೇಟು."

"ಹಂಗಾದ್ರ ಅಂಗಡಿ ಯಾಕ ತಗದ್ರಿ? ಕೋರ್ಟಿನ್ಯಾಗ ಜಡ್ಜ್ ಆಗಬೇಕಿತ್ತು!"

"ವಾಡಿ ಮಂದಿಗಿ ಕಲ್ಲಿನ ರೇಟು ಗೊತ್ತು. ಬಟ್ಟೀದಲ್ಲ."

ಖಾಲಾ ದನಿ ಇಳಿಸಿ ಹೇಳಿದಳು: "ಹೌದ್ರಿ. ಕಲ್ಲು ಒಡದೇ ತಿಂದೀವಿ. ಯಾರ ಬಾಗಲಿಗೂ ಬಂದಿಲ್ಲ."

ಮೇಮ್‌ಸಾಬ್ ಇದೆಲ್ಲ ಚೌಕಾಸಿಯ ಕಲೆ ಎಂದೇ ತಿಳಿದಿದ್ದಳು. ಮಾತಿಗೊಮ್ಮೆ ಗಂಡನ ಮೊಣಕೈ ತಿವಿದು ನಗುತ್ತಿದ್ದಳು. ಆರು ರೂಪಾಯಿಗೆ ವ್ಯಾಪಾರ ಕುದುರಿತು. "ಕೊಸರು?" ಎಂದಳು ಖಾಲಾ. ಅವನು ಅರ್ಧ ಗಜ ಹೆಚ್ಚಿಗೆ ಹರಿದು, ತನಗೆ ತಾನೇ ಎಂಬಂತೆ ಗೊಣಗಿಕೊಂಡ: "ಮೊದಲಿಂದಾನೂ ಹಿಂಗ..."

ಪರದೆ ಬಟ್ಟೆ ಕಟ್ಟಿದ್ದಾಯಿತು. ಖಾಲಾ ಸೆರಗು ಸರಿಮಾಡಿಕೊಂಡಳು.

"ಬಿಳಿ ಲಠ್ಠಾ ಕೊಡ್ರಿ."

"ಎಷ್ಟು?"

"ಒಬ್ಬ ಹೆಣ್ಮಗಳಿಗಿ ಆಗೋವಷ್ಟು."

ಅವನ ಕೈ ಗಾದಿಯ ಮೇಲೆಯೇ ನಿಂತಿತು. "ಯಾರಿಗಿ?" ಎಂದ.

"ನನ್ನ ಎತ್ತರ ನೋಡ್ರಿ. ತಿಳೀತದ."

ಕೆಲಸದವನು ಥಾನಿಗೆ ಕೈಹಾಕಿದ. ಮಾಲೀಕ ಅವನನ್ನು ಸರಿಸಿ ತಾನೇ ಎದ್ದು ಇಳಿಸಿದ, ತಾನೇ ಕೊಡವಿದ. ಆ ಗಂಜಿ ವಾಸನೆ ಬೀದಿಯವರೆಗೂ ಬಂತು. ಅವನು ಅಳೆಯಲು ಶುರು ಮಾಡಿದಾಗ, ತನ್ನ ಖಾಲಾಗೆ ನೆರವಾಗಬೇಕೆಂದು ಮೇಮ್‌ಸಾಬ್ ಉತ್ಸಾಹದಿಂದ ಕೂಗಿದಳು: "ಕಮ್ ಕರೊ! ಕಮ್ ಕರೊ! ಕೊಸರು!"

ಅಂಗಡಿಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಕಫನಿನ ಬಟ್ಟೆಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಹೇಳಿದಷ್ಟು ಕೊಟ್ಟು, ತಲೆ ತಗ್ಗಿಸಿ ತರುತ್ತಾರೆ. ಮೇಮ್‌ಸಾಬ್ ಎಲ್ಲರ ಮುಖ ನೋಡಿ ಗಾಬರಿಯಾದಳು. ನಾನು ಬಾಯಿ ತೆರೆಯುವ ಮೊದಲೇ ಖಾಲಾ, "ಹೇಳಬ್ಯಾಡ ಬೇಟಾ. ಅವ್ರ ಹಬ್ಬ ಅದ" ಎಂದಳು. ಬಿಳಿ ಬಟ್ಟೆಗೆ ಇಲ್ಲಿ ಬೆಲೆ ಇಳಿಸುವ ಪದ್ಧತಿ ಇಲ್ಲ ಎಂದಷ್ಟೇ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೊಸ ಪಾಠ ಕಲಿತವಳಂತೆ ಅವಳು ತಲೆಯಾಡಿಸಿದಳು.

ಅಳತೆ ಮುಗಿಯಿತು. ಅವನು ಹರಿಯಲು ಬಟ್ಟೆಯ ಅಂಚು ಹಿಡಿದವನು ಹಾಗೇ ನಿಂತ. ಆಮೇಲೆ ಒಂದು ಮೊಳ ಮುಂದೆ ಸರಿಸಿ ಅಲ್ಲಿಂದ ಹರಿದ. ಮಡಿಚಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮೆಟ್ಟಿಲು ಇಳಿದು ಬೀದಿಗೆ ಬಂದ.

ಖಾಲಾ ಸೆರಗಿನ ಗಂಟಿನಿಂದ ನೋಟು ತೆಗೆದು ಚಾಚಿದಳು. ಅವನು ಅದರ ಕಡೆ ನೋಡಲಿಲ್ಲ.

"ಇದಕ್ಕ ನಾ ರೊಕ್ಕ ತಗೊಂಡ್ರ, ನಾಳಿ ಆ ಲೋಕದಾಗ ಅಬ್ಬಾಜಾನ್ ನನ್ನ ಮಾರಿ ನೋಡ್ತಾರೇನು, ಆಪಾ?"

ಅಷ್ಟು ಹೊತ್ತು ಬಾಯಿ ಎಂದು ಕರೆದವನು ಆಪಾ, ಅಂದರೆ ಅಕ್ಕ, ಎಂದದ್ದು ಆಗಲೇ. ಖಾಲಾ ಬಟ್ಟೆಯನ್ನು ಎದೆಗೆ ಅವುಚಿಕೊಂಡಳು.

"ಮ್ಯಾಲ ಬಾ. ಚಹಾ ಕುಡಿ" ಎಂದ.

"ಗಾಡಿಗಿ ಹೊತ್ತಾಗ್ಯಾದ. ನೀ ಕೆಳಗ ಇಳದು ಬಂದಿಯಲ್ಲ... ಸಾಕು."

ಮರಳುವ ಗಾಡಿಯಲ್ಲಿ ಮೇಮ್‌ಸಾಬ್ ಕೊಂಡದ್ದನ್ನೆಲ್ಲ ಹರವಿಕೊಂಡು ಯಾವುದರಲ್ಲಿ ಎಷ್ಟು ಉಳಿಯಿತು ಎಂದು ಗಂಡನಿಗೆ ವಿವರಿಸಿದಳು. ಬಿಳಿ ಬಟ್ಟೆಗೆ ಎಷ್ಟಾಯಿತು ಎಂದು ನನ್ನನ್ನು ಕೇಳಿದಳು. ಏನೂ ತೆಗೆದುಕೊಳ್ಳಲಿಲ್ಲ ಎಂದೆ. ಅವಳು ಚಪ್ಪಾಳೆ ತಟ್ಟಿದಳು. ಹಾಗಾದರೆ ಈ ದಿನದ ವ್ಯಾಪಾರದಲ್ಲಿ ಎಲ್ಲರನ್ನೂ ಮೀರಿಸಿದವಳು ಖಾಲಾನೇ ಎಂದಳು. ಇದನ್ನು ಹೇಳಲೋ ಬೇಡವೋ ಎಂದು ನಾನು ತಡೆದೆ. ಏನಂದಳು ಎಂದು ಖಾಲಾನೇ ಒತ್ತಾಯಿಸಿದ್ದರಿಂದ ಹೇಳಿದೆ.

ಅವಳು ಬಾಯ್ತುಂಬ ನಕ್ಕಳು. "ಖರೇನೇ ಅಂದಾಳ. ಹೂಂ ಅಂತ ಹೇಳು" ಎಂದಳು. ಸೇಡಂ ಬರುವಷ್ಟರಲ್ಲಿ ಬಟ್ಟೆಯ ಗಂಟನ್ನು ತಲೆದಿಂಬು ಮಾಡಿಕೊಂಡು ನಿದ್ದೆಹೋಗಿದ್ದಳು.

ಹೊಸ ಭಟ್ಟಿ ಶುರುವಾದ ಮೇಲೆ ಸಾಹೇಬರ ಸಂಸಾರ ತಮ್ಮ ದೇಶಕ್ಕೆ ಹೊರಟಿತು. ಸ್ಟೇಷನ್ನಿನಲ್ಲಿ ಮೇಮ್‌ಸಾಬ್ ಖಾಲಾನನ್ನು ತಬ್ಬಿಕೊಂಡು, ಮುಂದಿನ ಸಲ ಬಂದಾಗ ಮತ್ತೆ ತಾಂಡೂರಿಗೆ ಎಂದಳು. ಖಾಲಾ ಆಗಲಿ ಎಂದಳು. ಬಿಸಿಲು ಏರತೊಡಗಿದಾಗ ಹಾಸಿಗೆ ಹಿಡಿದಳು. ಹೆಚ್ಚು ದಿನ ನರಳಲಿಲ್ಲ.

ಸುದ್ದಿ ತಿಳಿದ ತಮ್ಮ ಮೊದಲ ಗಾಡಿಗೇ ಬಂದಿಳಿದ. ಹೆಂಗಸರು ಟ್ರಂಕಿನಿಂದ ಬಟ್ಟೆ ತೆಗೆದರು. ಒಳಗಿನಿಂದ ಒಬ್ಬ ಮುದುಕಿ ಬಾಗಿಲಿಗೆ ಬಂದು, "ಬಟ್ಟಿ ಒಂದು ಮೊಳ ಜಾಸ್ತಿ ಆಗ್ಯಾದಲ್ಲ. ತಗೀಬೇಕೇನು?" ಎಂದು ಕೇಳಿದಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಖಾಲಾನ ತಮ್ಮ ಅಂಗಳದ ಬೇವಿನ ಮರಕ್ಕೆ ಒರಗಿ ನಿಂತಿದ್ದ.

"ಜಾಸ್ತಿ ಅಲ್ಲ" ಎಂದ. "ಅದು ಕೊಸರು. ಆಪಾ ಎಂದೂ ಬಿಟ್ಟಾಕಿ ಅಲ್ಲ. ಇರ್ಲಿ."

ಅವನೂ ಹೋಗಿ ಬಹಳ ಕಾಲವಾಯಿತು. ಆಮೇಲೊಮ್ಮೆ ವರದಿಗೆಂದು ತಾಂಡೂರಿಗೆ ಹೋದಾಗ ಆ ಬೀದಿಯನ್ನು ಹುಡುಕಿದೆ. ರಸ್ತೆ ಅಗಲ ಮಾಡುವಾಗ ಮೆಟ್ಟಿಲುಗಳೆಲ್ಲ ಹೋಗಿದ್ದವು. ಅಂಗಡಿ ಯಾವುದೆಂದು ಗುರುತು ಹತ್ತಲಿಲ್ಲ.

"ಎರಡು ಮೀಟರ್, ಕರೆಕ್ಟ್ ಅದ ನೋಡ್ರಿ ಸರ್" ಎಂದು ಕಲಬುರಗಿಯ ಹುಡುಗ ಕತ್ತರಿ ಆಡಿಸಿದ. ಕೊಸರು ಎಂಬ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು. ಬಟ್ಟೆ ಬಿಳಿಯದು. ಸುಮ್ಮನೆ ಹಣ ಕೊಟ್ಟು ಹೊರಗೆ ಬಂದೆ.