ಅತ್ತೆ ಮೇಕೆಗೆ ಬೈದದ್ದು

ಆರು ಸೆಕೆಂಡಿನ ಆ ಧ್ವನಿಯಲ್ಲಿ, ನಾಲ್ಕನೆಯ ಸೆಕೆಂಡಿಗೆ ಎರಡು ಗಾಜಿನ ಬಳೆ ಒಂದಕ್ಕೊಂದು ತಾಗುತ್ತವೆ. ಮಧುಗಿರಿ ಬಸ್ ನಿಲ್ದಾಣದಲ್ಲಿ ಪಕ್ಕ ಕುಳಿತಿದ್ದ ಹೆಂಗಸಿನ ಫೋನಿನಿಂದ ಆ ಸದ್ದು ಬಂದಾಗ ತಟ್ಟನೆ ತಿರುಗಿ ನೋಡಿದೆ. ಅವು ನನ್ನ ಸೋದರತ್ತೆಯ ಬಳೆ.

"ಲೇ, ಬೇಲಿ ಒಳಕ್ಕೆ ಕಾಲಿಟ್ರೆ ಮುರುದ್ಬುಡ್ತೀನಿ ನೋಡು."

ಅತ್ತೆ ಅದನ್ನು ಹೇಳಿದ್ದು ಮೇಕೆಗೆ. ಪಾವಗಡದ ಕಡೆ ಅವರ ಊರಿನಲ್ಲಿ ಮೇಕೆಗಳು ಸೋಲಾರ್ ಫಲಕಗಳ ನೆರಳಿಗಾಗಿ ಬೇಲಿಯೊಳಗೆ ನುಗ್ಗುತ್ತವೆ. ಅವನ್ನು ಹೊರಗಟ್ಟುವುದೇ ನಾನೊಬ್ಬಳೇ ಕೂತು ಮಾಡಿದ ಪುಟ್ಟ ಕಂಪ್ಯೂಟರ್ ಆಟ. ಅದಕ್ಕೆಂದೇ ಅತ್ತೆಯ ದನಿಯನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಈ ಫೋನಿನಲ್ಲಿ ಮೇಕೆ ಇರಲಿಲ್ಲ. ಅದೇ ಊರಿನಿಂದ ಪಂಚಾಯಿತಿ ಚುನಾವಣೆಗೆ ನಿಂತ ಹೆಂಗಸೊಬ್ಬರ ಫೋಟೊ ಇತ್ತು; ಅತ್ತೆಯ ಮಾತು ಅವರಿಗೇ ಹಾಕಿದ ಬೆದರಿಕೆಯಂತೆ ಕೇಳುತ್ತಿತ್ತು.

ಕದ್ದರು ಅನ್ನುವಂತಿರಲಿಲ್ಲ. ನನ್ನಂತೆ ಒಬ್ಬೊಬ್ಬರೇ ಆಟ ಮಾಡುವವರಲ್ಲಿ ಒಂದು ರೂಢಿಯಿದೆ. ಬೇರೆಯವರ ಸದ್ದು, ಚಿತ್ರಗಳನ್ನು ಪುಕ್ಕಟೆ ಬಳಸುತ್ತೇವೆ, ನಮ್ಮವನ್ನೂ ಹಾಗೆಯೇ ಇಂಟರ್ನೆಟ್ಟಿಗೆ ಬಿಡುತ್ತೇವೆ. 'ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ ಬಳಸಬಹುದು' ಎಂದು ಬರೆದು ಹಾಕಿದವಳು ನಾನೇ. ಮೀಮ್‌ಗಳು ರಾಜಕೀಯದವರ ಕೈಗೆ ಸಿಕ್ಕಿ ಏನಾಗುತ್ತವೆ ಎಂದು ಬ್ಲಾಗಿನಲ್ಲಿ ವರ್ಷಗಟ್ಟಲೆ ಬರೆದವಳೂ ನಾನೇ. ಅತ್ತೆಯನ್ನು ಒಂದು ಮಾತು ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಫೋನ್ ಮಾಡಿದೆ. ಅವರಿಗೆ ಆಗಲೇ ಗೊತ್ತಿತ್ತು.

"ಹೆಂಗಸ್ರ ಸಂಘದಾಗೆ ವಾರವಾರ ನನ್ ಪಕ್ಕದಾಗೇ ಕೂರೋಳು ಕಣಮ್ಮ ಆ ಎಲೆಕ್ಷನ್‌ಗೆ ನಿಂತೋಳು. ಇವತ್ತು ಎದ್ದು ಆ ಮೂಲೆಗೋಗಿ ಕೂತ್ಲು. ನಾನ್ಯಾಕೆ ಅವಳ್ನ ಬೈಯ್ಲಿ?"

ನಡೆದದ್ದನ್ನೆಲ್ಲ ಹೇಳಿದೆ.

"ನಿನ್ ಆಟಕ್ಕೆ ಅಂತ ಕೊಟ್ಟೆ. ಊರಿಗೆಲ್ಲ ಹಂಚು ಅಂದಿದ್ನಾ?"

"ಇಲ್ಲ ಅತ್ತೆ."

"ಈಗ ಮೇಕೆಗೆ ಅಂದೆ ಅಂದ್ರೆ ಯಾರ್ ನಂಬ್ತಾರೆ? ಮೇಕೆನೇ ಕರ್ಕಂಡೋಗಿ ಸಾಕ್ಷಿ ಹೇಳಿಸ್ಲಾ?"

ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ. ಆದರೆ ಆ ಮೇಕೆ ನನ್ನ ಬಳಿ ಇತ್ತು. ಆಟಕ್ಕೆ ಬೇಡವೆಂದು ನಾನೇ ಕತ್ತರಿಸಿದ್ದ ಭಾಗದಲ್ಲಿ, ಅತ್ತೆ ಬೈಯುವ ಮೊದಲೂ ಆಮೇಲೂ ಅದು ಒಂದೇ ಸಮ ಅರಚುತ್ತದೆ. ಇಂಟರ್ನೆಟ್ಟಿನಿಂದ ಆ ಆರು ಸೆಕೆಂಡಿನ ಧ್ವನಿಯನ್ನು ಅಂದು ಸಂಜೆಯೇ ತೆಗೆದೆ. ಅಷ್ಟರಲ್ಲಿ ಅದು ಎಷ್ಟು ಫೋನುಗಳಿಗೆ ಹೋಗಿತ್ತೋ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಅತ್ತೆಯ ಜೊತೆ ಚುನಾವಣೆಗೆ ನಿಂತ ಆ ಹೆಂಗಸಿನ ಮನೆಯ ಜಗುಲಿಯಲ್ಲಿ ಕುಳಿತೆ. ತಪ್ಪು ನನ್ನದು ಎಂದು ಮೊದಲು ಹೇಳಿದೆ. ಆಮೇಲೆ ಲ್ಯಾಪ್‌ಟಾಪ್ ತೆರೆದು, ಕತ್ತರಿಸದ ರೆಕಾರ್ಡಿಂಗನ್ನು ಮೇಕೆ ಅರಚುವಲ್ಲಿಂದ ಹಾಕಿದೆ.